ಕೈ ಬೀಸಿ ಆಡುವುದೂ ಆಟವೇ ಸ್ವಾಮಿ!

“ಅದೆಲ್ಲಾ ಬರೀ ಗಿಮಿಕ್ ಗುರೂ!”

ಬೆಂಗಳೂರಿಗೆ ಬಂದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ವಿಡಿಯೋ ಗೇಮಿನ ಮಾತು ಬಂತೆಂದರೆ ಒಬ್ಬ ಪ್ಲೇಸ್ಟೇಷನ್ ಅನ್ನುತ್ತಾನೆ, ಇನ್ನೊಬ್ಬ ಗ್ರಾಫಿಕ್ಸ್ ಕಾರ್ಡಿನ ಬೆಲೆ ಹೇಳಿ ನಿಟ್ಟುಸಿರು ಬಿಡುತ್ತಾನೆ. “ನನಗೆ ವೀ ಇಷ್ಟ” ಅಂತ ನಾನು ಅಂದ ತಕ್ಷಣ ಎಲ್ಲರ ಮುಖದ ಮೇಲೂ ಒಂದು ನಗು. ಗಡ್ಡ ಬಂದ ಗಂಡಸು ಗಿಲಕಿ ಹಿಡಿದುಕೊಂಡು ಕೂತಿದ್ದಾನೆ ಅನ್ನೋ ಹಾಗೆ!

ಆ ನಗುವಿನ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಇವತ್ತು ಬರೆದು ತೀರಿಸಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಟಿವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆಗೆ ಕನ್ಸೋಲ್ ಅನ್ನುತ್ತಾರೆ. ಅದರ ಜೊತೆ ಸಾಮಾನ್ಯವಾಗಿ ಹತ್ತು ಹದಿನೈದು ಗುಂಡಿಗಳಿರುವ ಕಂಟ್ರೋಲರ್ ಬರುತ್ತದೆ. 2006ರ ನವೆಂಬರಿನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ವೀ’ ಅನ್ನುವ ಕನ್ಸೋಲ್ ಬಿಡುಗಡೆ ಮಾಡಿತು. ಅದರ ಕಂಟ್ರೋಲರ್ ನೋಡಲು ಟಿವಿ ರಿಮೋಟಿನ ಹಾಗೇ ಇತ್ತು, ಹೆಸರೂ ರಿಮೋಟೇ. ಟೆನಿಸ್ ಆಡಬೇಕಾ? ಬ್ಯಾಟು ಬೀಸಿದ ಹಾಗೆ ಕೈ ಬೀಸಿ, ಮುಗೀತು. 2010ರಲ್ಲಿ ಸೋನಿಯವರು ‘ಮೂವ್’ ತಂದರು, ಮೈಕ್ರೋಸಾಫ್ಟಿನವರು ‘ಕಿನೆಕ್ಟ್’ ತಂದರು. ಕಿನೆಕ್ಟಿಗೆ ರಿಮೋಟೂ ಬೇಡ, ಟಿವಿ ಹತ್ತಿರ ಇಟ್ಟ ಕ್ಯಾಮೆರಾ ನಿಮ್ಮ ಮೈಕೈಯನ್ನೇ ನೋಡುತ್ತಿರುತ್ತದೆ.

ಇವೆಲ್ಲ ಸೋತು ಸುಣ್ಣವಾದ ತಂತ್ರಜ್ಞಾನ ಅನ್ನೋದು ‘ನಿಜವಾದ’ ಗೇಮರುಗಳ ವಾದ. ನಾನು ಹೇಳುವುದು ಇಷ್ಟೇ: ಇವನ್ನು ಬೇಕಂತಲೇ ಕೈಬಿಟ್ಟರು. ಕೈಬಿಟ್ಟಾಗ ಯಾರೂ ಗಲಾಟೆ ಮಾಡಲಿಲ್ಲ, ಯಾಕೆಂದರೆ ಇವನ್ನು ಆಡುತ್ತಿದ್ದವರು ಗಲಾಟೆ ಮಾಡುವ ಪೈಕಿಯವರೇ ಆಗಿರಲಿಲ್ಲ. ನಮ್ಮವ್ವ, ನಮ್ಮಜ್ಜಿ, ನಮ್ಮಕ್ಕನಂಥವರು.

ಲೆಕ್ಕ ಬೇಕಾ? ವೀ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಜೊತೆ ಪೈಪೋಟಿಗೆ ನಿಂತ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಎರಡೂ 9 ಕೋಟಿ ಮುಟ್ಟಲಿಲ್ಲ. ಕಿನೆಕ್ಟ್ ಮೊದಲ 60 ದಿನಗಳಲ್ಲಿ 80 ಲಕ್ಷ ಖರ್ಚಾಗಿ ಗಿನ್ನೆಸ್ ದಾಖಲೆ ಸೇರಿತು. ಇಂಥ ಸೋಲು ನಮ್ಮ ಸ್ಟಾರ್ಟಪ್ಪುಗಳಿಗೂ ಬರಲಿ :)

“ಮಾರಾಟ ಏನೋ ಆಯ್ತು, ಆದ್ರೆ ಜನ ಒಂದು ತಿಂಗಳು ಆಡಿ ಮೂಲೆಗೆ ಎಸೆದರಲ್ಲ?” ಅನ್ನುತ್ತಾರೆ. ಸರಿ. ನಿಮ್ಮ ಮನೆಯ ಕೇರಂ ಬೋರ್ಡ್ ಎಲ್ಲಿದೆ? ಬೀರುವಿನ ಹಿಂದೆ ತಾನೇ? ವರ್ಷಕ್ಕೆ ಎರಡು ಸಲ, ದೀಪಾವಳಿಗೋ ಬೇಸಿಗೆ ರಜೆಗೋ ಹೊರಗೆ ಬರುತ್ತದೆ, ನಾಲ್ಕು ದಿನ ಮನೆಯಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ, ಮತ್ತೆ ಬೀರುವಿನ ಹಿಂದೆ. ಕೇರಂ ಸೋತ ಆಟ ಅಂತ ಯಾರಾದರೂ ಅಂದಿದ್ದಾರಾ? ದಿನಕ್ಕೆ ಐದು ಗಂಟೆ ಆಡದಿದ್ದರೆ ಅದು ಆಟವೇ ಅಲ್ಲ ಅನ್ನುವ ಅಳತೆಗೋಲನ್ನು ತಂದವರು ಗೇಮ್ ಮಾರುವವರು. ಒಂದು ಕನ್ಸೋಲ್ ಕೊಂಡವನು ಮುಂದೆ ಎಷ್ಟು ಡಿಸ್ಕ್ ಕೊಳ್ಳುತ್ತಾನೆ ಅನ್ನುವುದೇ ಅವರ ಚಿಂತೆ. ನಮ್ಮಜ್ಜಿ ಎರಡನೇ ಡಿಸ್ಕ್ ಕೇಳಲೇ ಇಲ್ಲ. ವೀ ಜೊತೆ ಪುಕ್ಕಟೆ ಬಂದಿದ್ದ ‘ವೀ ಸ್ಪೋರ್ಟ್ಸ್’ ಒಂದೇ ಸಾಕಾಗಿತ್ತು ಆಕೆಗೆ.

ಅಜ್ಜಿಯ ಕಥೆ ಹೇಳಲೇಬೇಕು. ಅದಕ್ಕೆ ಮೊದಲು ವೀ ನಮ್ಮೂರಿಗೆ ಬಂದದ್ದು ಹೇಗೆ ಅಂತ ಹೇಳುತ್ತೇನೆ.

ನಮ್ಮ ಮನೆ ಸಿಂಧನೂರು. ಅವ್ವನ ತವರು ಮಸ್ಕಿ. ಅಪ್ಪನ ತಂಗಿಯನ್ನು, ಅಂದರೆ ನಮ್ಮತ್ತೆಯನ್ನು ಕೊಟ್ಟಿದ್ದು ಲಿಂಗಸುಗೂರಿಗೆ. ಮೂರೂ ಒಂದೇ ರಸ್ತೆಯ ಮೇಲಿನ ಊರು. 2009ರ ಬೇಸಿಗೆಯಲ್ಲಿ ಸೋದರಮಾವ ಅಮೆರಿಕದಿಂದ ಬಂದಾಗ ಅಲ್ಲಿ ತಾನು ಆಡಿ ಬೇಸತ್ತಿದ್ದ ವೀ, ಎರಡು ರಿಮೋಟು, ಎರಡು ನನ್‌ಚಕ್ ತಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಅಮೆರಿಕದ ಅಡಾಪ್ಟರಿಗೆ 120 ವೋಲ್ಟು ಬೇಕು, ನಮ್ಮ ಗೋಡೆಯಲ್ಲಿ ಇರುವುದು 230. ಹಾಗೇ ಹಚ್ಚಿದ್ದರೆ ಹೊಗೆ! ಸಿಂಧನೂರಿನಲ್ಲಿ ಗೇಮಿನ ಅಂಗಡಿ ಇರಲಿಲ್ಲ, ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಪುಣ್ಯದಿಂದ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಗಳಿಗೆ ಬರ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ಮೇಸ್ತ್ರಿ ತಾಮ್ರದ ತಂತಿ ಸುತ್ತಿ ಇಟ್ಟಿಗೆಯಷ್ಟು ತೂಕದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಟ್ರಾನ್ಸ್‌ಫಾರ್ಮರ್ ಪಾಠ ಬಂದಾಗ ನನಗೆ ಅದರ ಸುಟ್ಟ ವಾರ್ನಿಶ್ ವಾಸನೆ ಮೊದಲೇ ಗೊತ್ತಿತ್ತು.

ಆಮೇಲೆ ವೀ, ಟ್ರಾನ್ಸ್‌ಫಾರ್ಮರ್ ಸಮೇತ, ಅಕ್ಕಿ ಚೀಲದಲ್ಲಿ ಕೂತು ಸರ್ಕಾರಿ ಬಸ್ಸಿನಲ್ಲಿ ಮೂರೂ ಊರು ಓಡಾಡಿತು. ಎಲ್ಲಿ ಮದುವೆ, ಎಲ್ಲಿ ಜಾತ್ರೆ, ಅಲ್ಲಿ ವೀ.

ಅದಕ್ಕೆ ಮುಂಚೆ ನಮ್ಮ ಕಡೆ ಇದ್ದದ್ದು ಹಳದಿ ಕ್ಯಾಸೆಟ್ ಹಾಕುವ ‘ಟಿವಿ ಗೇಮ್’. ನಿಮ್ಮಲ್ಲೂ ಬಹಳ ಜನ ಆಡಿರುತ್ತೀರಿ. ಅದನ್ನು ಆಡುತ್ತಿದ್ದವರು ಹುಡುಗರು ಮಾತ್ರ. ದೊಡ್ಡವರು ಒಂದು ಆಟಕ್ಕೆ ಮಾತ್ರ ಕೈ ಹಾಕುತ್ತಿದ್ದರು, ಬಂದೂಕಿನಲ್ಲಿ ಬಾತುಕೋಳಿ ಹೊಡೆಯುವ ‘ಡಕ್ ಹಂಟ್’. ಅಂಬಾಮಠದ ಜಾತ್ರೆಯಲ್ಲಿ ಬಲೂನಿಗೆ ಗುರಿ ಇಡುವ ಕೈಗಳಿಗೆ ಆ ಬಂದೂಕನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ. (ಆ ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ, ಗೊತ್ತಾ? ಕುದುರೆ ಒತ್ತಿದಾಗ ಟಿವಿ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಸೆನ್ಸರ್ ಅದನ್ನು ಕಂಡಿತೋ ಇಲ್ಲವೋ ಅನ್ನುವುದೇ ಲೆಕ್ಕ. ಹಳೇ ಡಬ್ಬಾ ಟಿವಿ ಬಿಟ್ಟು ಈಗಿನ ಚಪ್ಪಟೆ ಟಿವಿಯಲ್ಲಿ ಅದು ನಡೆಯದಿರುವುದಕ್ಕೆ ಕಾರಣ, ಚಿತ್ರ ಮೂಡುವ ಸಮಯದಲ್ಲಿ ಆಗುವ ತಡ.)

ಉಳಿದ ಆಟಗಳಲ್ಲಿ ಅವ್ವ ಎರಡು ನಿಮಿಷ ಕಂಟ್ರೋಲರ್ ಹಿಡಿದು, “ಎದ್ಯಾವ್ದೋ ಒಂದ್ ಒತ್ತಿದ್ರ ಇನ್ನೊಂದ್ ಆಗ್ತತಿ, ನೀನ ಆಡಪಾ” ಅಂತ ವಾಪಸ್ ಕೊಡುತ್ತಿದ್ದಳು. ಗುಂಡಿಗಳ ಕಂಟ್ರೋಲರ್ ಒಂದು ಅಕ್ಷರಮಾಲೆ ಕಣ್ರೀ. ಆರೇಳನೇ ವಯಸ್ಸಿಗೇ ಕಲಿತವರಿಗೆ ಅದು ಅಕ್ಷರ ಅಂತಲೇ ಅನ್ನಿಸುವುದಿಲ್ಲ. ಎಡಗೈ ಹೆಬ್ಬೆರಳಿಗೆ ನಡಿಗೆ, ಬಲಗೈ ಹೆಬ್ಬೆರಳಿಗೆ ನೋಟ, ತೋರುಬೆರಳಿಗೆ ಗುಂಡು. ಕಲಿಯದವರಿಗೆ ಅದು ಇಂಗ್ಲಿಷ್ ಅರ್ಜಿ ನಮೂನೆಯಷ್ಟೇ ಕಷ್ಟ. ನಿಂಟೆಂಡೊದ ಆಗಿನ ಅಧ್ಯಕ್ಷ ಸಟೋರು ಇವಾಟಾ, ವಿನ್ಯಾಸಕ ಶಿಗೆರು ಮಿಯಮೊಟೊ ಇದನ್ನು ಕಂಡುಕೊಂಡಿದ್ದರು. ಮನೆಯಲ್ಲಿ ಎಲ್ಲರೂ ಹೆದರದೆ ಮುಟ್ಟುವ ವಸ್ತು ಟಿವಿ ರಿಮೋಟು, ಹಾಗಾದರೆ ಅದರ ಹಾಗೇ ಮಾಡೋಣ ಅಂದುಕೊಂಡರು.

ಈಗ ಅಜ್ಜಿ. ಮಸ್ಕಿ ಅಂದರೆ ನಿಮಗೆಲ್ಲ ನೆನಪಾಗುವುದು 1915ರಲ್ಲಿ ಸಿಕ್ಕ ಅಶೋಕನ ಶಾಸನ. ನನಗೆ ನೆನಪಾಗುವುದು ಬೌಲಿಂಗ್ :) ವೀ ಸ್ಪೋರ್ಟ್ಸಿನ ಬೌಲಿಂಗಿನಲ್ಲಿ ರಿಮೋಟಿನ ಹಿಂದಿರುವ ‘ಬಿ’ ಗುಂಡಿ ಹಿಡಿದುಕೊಂಡು ಕೈಯನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸುತ್ತಾ, ಸರಿಯಾದ ಕ್ಷಣದಲ್ಲಿ ಬೆರಳು ಬಿಡಬೇಕು. ಬಿಟ್ಟಾಗ ಚೆಂಡು ಉರುಳುತ್ತದೆ. ಮಾವ ಹತ್ತು ಸಲ ತೋರಿಸಿದ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿ ಸುಮ್ಮನೆ ನೋಡುತ್ತಿದ್ದವಳು, ರಿಮೋಟು ಇಸಕೊಂಡು ಒಂದೇ ಸಲ ಬೀಸಿದಳು. ಎಂಟು ಪಿನ್ನು ಬಿದ್ದವು. “ಏ, ಇದು ಕವಣಿ ಇದ್ದಂಗ ಐತಲ್ಲೋ! ಬಿಡೂ ಟೈಮಿಗೆ ಬಿಡಬೇಕು ಅಷ್ಟ. ತಡಾ ಮಾಡಿದ್ರ ಕಲ್ಲು ನಿನ್ನ ಕಾಲಿಗೇ ಬೀಳತೈತಿ.”

ಕವಣೆ! ಜೋಳ ತೆನೆ ಕಟ್ಟಿದಾಗ ಹೊಲದ ನಡುವೆ ಮಂಚಿಕೆ ಮೇಲೆ ನಿಂತು ಹಕ್ಕಿ ಓಡಿಸಲು ಬೀಸುವ ಕವಣೆ. ಅದರ ಎರಡು ತುದಿ ಕೈಯಲ್ಲಿ, ಒಂದನ್ನು ಬಿಟ್ಟರೆ ಕಲ್ಲು ಹಾರುತ್ತದೆ. ಮದುವೆಗೆ ಮುಂಚೆ ಕಲಿತ ವಿದ್ಯೆ. ನಲವತ್ತು ವರ್ಷ ಯಾವ ಕೆಲಸಕ್ಕೂ ಬಾರದೆ ಆಕೆಯ ಬಲ ತೋಳಿನಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿದ್ದು ಜಪಾನಿನ ಒಂದು ಪ್ಲಾಸ್ಟಿಕ್ ರಿಮೋಟು. ನೀವು ‘ಗಿಮಿಕ್’ ಅನ್ನುವುದು ಇದಕ್ಕೆ. ಹೆಬ್ಬೆರಳಿನ ಆಟಗಳಲ್ಲಿ ನಮ್ಮಜ್ಜಿ ಸೊನ್ನೆ, ತೋಳಿನ ಆಟದಲ್ಲಿ ಎಂಜಿನಿಯರ್ ಮಗನಿಗಿಂತ ಮುಂದೆ. ಅಂದಮೇಲೆ ಯಾವ ಕೌಶಲ್ಯಕ್ಕೆ ಅಂಕ ಕೊಡಬೇಕು ಅಂತ ಗೇಮ್ ಮಾಡುವವನು ಮೊದಲೇ ತೀರ್ಮಾನ ಮಾಡಿರುತ್ತಾನೆ ಅಂತಾಯಿತಲ್ಲ?

ಲಿಂಗಸುಗೂರಿನಲ್ಲಿ ಹೊಲದ ವಿಷಯಕ್ಕೆ ಮಾತು ಬಿಟ್ಟಿದ್ದ ಅಪ್ಪ ಮತ್ತು ಅತ್ತೆಯ ಗಂಡ ಬಾಕ್ಸಿಂಗ್ ಆಡಿದ್ದನ್ನು ಬರೆದರೆ ಅದೇ ಒಂದು ದೊಡ್ಡ ಪೋಸ್ಟ್ ಆಗುತ್ತದೆ. ಹಟ್ಟಿ ಗಣಿಯ ಶಿಫ್ಟ್ ಮುಗಿಸಿ ಬಂದಿದ್ದ ಮಾಮ ಮೊದಲ ಸುತ್ತಿನಲ್ಲೇ ಅಪ್ಪನನ್ನು ಕೆಡವಿದರು ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಎರಡನೇ ಆಕ್ಷೇಪ ಗೇಮರುಗಳದ್ದಲ್ಲ, ಹಿರಿಯರದ್ದು. “ಮಕ್ಕಳು ಬಯಲಿಗೆ ಹೋಗಿ ಆಡಬೇಕು, ಟಿವಿ ಮುಂದೆ ಕೈ ಬೀಸುವುದು ಎಂಥ ಆಟ?” ಕೇಳಲು ಚೆಂದ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಿನಲ್ಲಿ ಮಧ್ಯಾಹ್ನ 42 ಡಿಗ್ರಿ, ನಾಯಿ ಕೂಡ ಬಯಲಿಗೆ ಹೋಗುವುದಿಲ್ಲ. ಅದಿರಲಿ. ಬಯಲು ಯಾರದ್ದು ಅಂತ ಈ ಹಿರಿಯರು ಒಮ್ಮೆಯಾದರೂ ಯೋಚನೆ ಮಾಡಿದ್ದಾರಾ?

ನಮ್ಮಕ್ಕ ಓಣಿ ಕ್ರಿಕೆಟ್ಟಿನಲ್ಲಿ ಹುಡುಗರೇ ಹೆದರುವ ಹಾಗೆ ಚೆಂಡು ಎಸೆಯುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ‘ದೊಡ್ಡಾಕಿ ಆದಳು’ ಅಂತ ಆರತಿ ಮಾಡಿದರು, ಅಲ್ಲಿಗೆ ಓಣಿ ಬಂದ್. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. “ಇನ್ನ ಸಾಕವಾ” ಅಂದಳು ಅವ್ವ, ಅಷ್ಟೇ. ನಾನು ಬ್ಯಾಟು ಹಿಡಿದು ಹೊರಗೆ ಹೋಗುವಾಗ ಅಕ್ಕ ಕಟ್ಟೆ ಮೇಲೆ ಕೂತು ಸೊಪ್ಪು ಸೋಸುತ್ತಿರುತ್ತಿದ್ದಳು. ಎರಡು ವರ್ಷದ ಮೇಲೆ ವೀ ಬಂತು. ಓಣಿಗೆ ಕಾಣುವ ಕಿಟಕಿಯನ್ನು ಅವ್ವ ತಾನೇ ಎದ್ದು ಹೋಗಿ ಮುಚ್ಚಿದಳು, ಅಕ್ಕ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಟೆನಿಸ್ ಆಡಿದಳು. ಬೆವರು ಸುರಿಯುವ ತನಕ. ಜಿಗಿದಳು, ಕೂಗಿದಳು, ನನಗೆ ಬೈದಳು. ಆ ಟೆನಿಸ್ಸಿನಲ್ಲಿ ಗೆಲ್ಲಲು ಕೂತಲ್ಲೇ ಮಣಿಕಟ್ಟು ಅಲುಗಿಸಿದರೆ ಸಾಕು ಅಂತ ಗೇಮರುಗಳು ಇವತ್ತಿಗೂ ಹೀಗಳೆಯುತ್ತಾರೆ. ನಿಜ, ಸಾಕು. ಅಕ್ಕ ಅದನ್ನು ಎರಡನೇ ದಿನವೇ ಕಂಡುಹಿಡಿದಿದ್ದಳು. ಆದರೂ ಪೂರ್ತಿ ತೋಳು ಬೀಸಿಯೇ ಆಡುತ್ತಿದ್ದಳು, ಯಾಕೆ ಅಂತ ಆ ಗೇಮರುಗಳಿಗೆ ವಿವರಿಸಿ ಹೇಳಲು ನನಗೆ ಮನಸ್ಸಿಲ್ಲ.

ಬಯಲು ಸಿಗುವವರು ಬಯಲಲ್ಲೇ ಆಡಲಿ. ಮುಚ್ಚಿದ ಕಿಟಕಿಯ ಮನೆಯಲ್ಲಿ ಹುಡುಗಿಯೊಬ್ಬಳು ಕೈಕಾಲು ಚಾಚುವುದನ್ನು ಮಾತ್ರ ದಯವಿಟ್ಟು ‘ನಕಲಿ ಆಟ’ ಅನ್ನಬೇಡಿ.

ತಾಂತ್ರಿಕ ದೋಷಗಳಿದ್ದವು, ಒಪ್ಪೋಣ. ಮೊದಲ ರಿಮೋಟಿನಲ್ಲಿ ಇದ್ದದ್ದು ವೇಗದ ಬದಲಾವಣೆ ಅಳೆಯುವ ಆಕ್ಸೆಲೆರೋಮೀಟರ್ ಮಾತ್ರ, ಕೈ ತಿರುಗಿದ್ದು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. 2009ರಲ್ಲಿ ಗೈರೋಸ್ಕೋಪ್ ಇರುವ ‘ಮೋಷನ್‌ಪ್ಲಸ್’ ಬಂದ ಮೇಲೆ ಅದು ಸುಧಾರಿಸಿತು. ವೀಗೆ ಬಂದ ಕಸದಂಥ ಆಟಗಳಿಗೂ ಲೆಕ್ಕವಿಲ್ಲ. ಗುಂಡಿ ಒತ್ತುವ ಜಾಗದಲ್ಲಿ ಸುಮ್ಮನೆ ‘ಕೈ ಅಲ್ಲಾಡಿಸಿ’ ಅಂತ ಬರೆದು ಮಾರಿದವರಿಗೆ ಶಾಪ ಹಾಕುವುದರಲ್ಲಿ ನಾನೇ ಮೊದಲಿಗ. ಕಿನೆಕ್ಟಿಗೆ ಒಬ್ಬರು ಆಡಲು ಆರಡಿ, ಇಬ್ಬರಿಗೆ ಎಂಟಡಿ ಖಾಲಿ ಜಾಗ ಬೇಕಿತ್ತು. ಮಂಚ, ಹೊಲಿಗೆ ಮಷೀನು, ಭತ್ತದ ಚೀಲ ಎಲ್ಲ ಇರುವ ನಮ್ಮ ಪಡಸಾಲೆಗಳಲ್ಲಿ ಎಂಟಡಿ ಎಲ್ಲಿಂದ ತರೋಣ? ಜೊತೆಗೆ ಶುರುವಿನಲ್ಲಿ ಕಿನೆಕ್ಟಿನ ಪ್ರಕಾರ ಮನುಷ್ಯ ಅಂದರೆ ನಿಂತಿರುವವನು. ಕೂತವರನ್ನು ಗುರುತಿಸುವ ಸೌಲಭ್ಯ ವಿಂಡೋಸ್ ಡೆವಲಪರುಗಳ ಕೈಗೆ ಬಂದದ್ದು 2012ರ ಮೇ ತಿಂಗಳಿನಲ್ಲಿ. ಮಂಚದ ಮೇಲೆ ಕಾಲು ಚಾಚಿ ಕೂತ ಅಜ್ಜಿಯೂ ಆಟಗಾರ್ತಿ ಅಂತ ವಿನ್ಯಾಸಕರಿಗೆ ಹೊಳೆಯಲು ಅಷ್ಟು ಸಮಯ ಬೇಕಾಯಿತು.

ಆದರೆ ಕಿನೆಕ್ಟ್ ಸತ್ತದ್ದು ಈ ದೋಷಗಳಿಂದ ಅಂತ ನನಗನ್ನಿಸುವುದಿಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬಂದಾಗ, ಬೇಕೋ ಬೇಡವೋ, ಕಿನೆಕ್ಟನ್ನೂ ಕಟ್ಟಿ 499 ಡಾಲರಿಗೆ ಮಾರಿದರು. ಪ್ಲೇಸ್ಟೇಷನ್ 4 ಬೆಲೆ 399. ಗುಂಡಿಯ ಗೇಮರುಗಳು “ನಮಗೆ ಬೇಡದ ಕಣ್ಣಿಗೆ ನೂರು ಡಾಲರ್ ಯಾಕೆ ಕೊಡಬೇಕು?” ಅಂತ ರೇಗಿದರು, ನ್ಯಾಯವೇ. 2014ರಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆ ಬಂತು, 2017ರಲ್ಲಿ ತಯಾರಿಕೆಯೇ ನಿಂತಿತು. ಮೊದಲ ಕಿನೆಕ್ಟಿನ ಕಣ್ಣಿನ ತಂತ್ರ ಮಾಡಿದ್ದ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯನ್ನು ಆಪಲ್ 2013ರಲ್ಲಿ ಕೊಂಡುಕೊಂಡಿತ್ತು. 2017ರ ಐಫೋನ್ ಟೆನ್ ಮುಖ ನೋಡಿ ಬೀಗ ತೆಗೆಯುವುದು ಅದೇ ಬಗೆಯ ಕಣ್ಣಿನಿಂದ. ಸ್ವತಃ ನಿಂಟೆಂಡೊ 2012ರಲ್ಲಿ ‘ವೀ ಯು’ ಅಂತ ಪರದೆ, ಗುಂಡಿ ಎಲ್ಲ ತುಂಬಿದ ಹಲಗೆಯೊಂದನ್ನು ಕೈಗೆ ಕೊಟ್ಟಿತು. ಹತ್ತು ಕೋಟಿ ಎಲ್ಲಿ, ಅದರ ಒಂದೂ ಮೂವತ್ತೈದು ಕೋಟಿ ಎಲ್ಲಿ!

ತಮಾಷೆ ನೋಡಿ, ಇವತ್ತು ಅದೇ ಗೇಮರುಗಳು ವಿಆರ್ ಟೋಪಿ ಹಾಕಿಕೊಂಡು ಎರಡೂ ಕೈ ಬೀಸುತ್ತಾ ಗೋಡೆಗೆ ಗುದ್ದಿಕೊಳ್ಳುತ್ತಾರೆ. ಆಗ ಅದು ‘ಇಮ್ಮರ್ಸಿವ್’. ನಮ್ಮಜ್ಜಿ ಬೀಸಿದರೆ ಗಿಮಿಕ್.

ಇನ್ನು ನಮ್ಮವರ ಕಥೆ. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ‘ದೇಸಿ ಅಡ್ಡಾ’ ಅಂತ ಒಂದು ಗೇಮ್ ಮಾಡಿತ್ತು. ಚಿಣ್ಣಿದಾಂಡು, ಕಬಡ್ಡಿ, ಗಾಳಿಪಟ ಎಲ್ಲ ಇತ್ತು. ಆದರೆ ಎಲ್ಲವೂ ಗುಂಡಿ ಒತ್ತಿ! ದಾಂಡು ಹಿಡಿಯಲು ಗೊತ್ತಿರುವವನಿಗೆ ಚೌಕ, ತ್ರಿಕೋನದ ಗುಂಡಿ ಗೊತ್ತಿಲ್ಲ, ಗುಂಡಿ ಗೊತ್ತಿರುವವನು ದಾಂಡು ಹಿಡಿದೇ ಇಲ್ಲ. ಆಮೇಲೆ ಮುಂಬಯಿಯ ಟ್ರೈನ್ ಗೇಮ್ಸ್‌ನವರು ಸೋನಿಯ ಮೂವ್‌ಗೆ ಗಲ್ಲಿ ಕ್ರಿಕೆಟ್ ಮಾಡಿದರು, ದಾರಿ ಅದೇ ಆಗಿತ್ತು.

ಈಗ ನಮ್ಮೂರಿನಲ್ಲಿ ‘ಗೇಮ್’ ಅಂದರೆ ಏನು ಗೊತ್ತಾ? ಹುಡುಗರು ಕಟ್ಟೆ ಮೇಲೆ ಸಾಲಾಗಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಎರಡು ಹೆಬ್ಬೆರಳು ಮಾತ್ರ ಆಡಿಸುವುದು. ಇಲ್ಲವೇ ದುಡ್ಡು ಕಟ್ಟಿ ಆಡುವ ರಮ್ಮಿ. ಆ ದುಡ್ಡಿನ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನೇ ಮಾಡಬೇಕಾಯಿತು. ಅಷ್ಟರಲ್ಲಿ ಎಷ್ಟು ಮನೆಯ ಬಂಗಾರ ಅಡವಿಗೆ ಹೋಗಿತ್ತೋ!

ಮನೆಮಂದಿಯೆಲ್ಲ ಒಂದೇ ಟಿವಿ ಮುಂದೆ ನಿಂತು ಆಡುವ ಆಟ ಈಗ ಮಾಡುವುದು ಹಿಂದಿಗಿಂತ ಸುಲಭ. ಕಿನೆಕ್ಟಿನಂಥ ವಿಶೇಷ ಕಣ್ಣು ಈಗ ಬೇಕಿಲ್ಲ. ಗೂಗಲ್ 2020ರಲ್ಲಿ ಮುಕ್ತವಾಗಿ ಕೊಟ್ಟ ‘ಬ್ಲೇಜ್‌ಪೋಸ್’ ಮಾದರಿ ಮೊಬೈಲಿನ ಸಾದಾ ಕ್ಯಾಮೆರಾದಲ್ಲೇ ಮೈಮೇಲಿನ 33 ಬಿಂದುಗಳನ್ನು ಗುರುತಿಸುತ್ತದೆ. 2023ರಲ್ಲಿ ಅಮೆರಿಕದಲ್ಲಿ ‘ನೆಕ್ಸ್ ಪ್ಲೇಗ್ರೌಂಡ್’ ಅನ್ನುವ ಪುಟ್ಟ ಡಬ್ಬಿ ಬಂತು, ಒಂದು ಕ್ಯಾಮೆರಾ ಬಿಟ್ಟರೆ ಕಂಟ್ರೋಲರೇ ಇಲ್ಲ, ಮಕ್ಕಳಿರುವ ಮನೆಗಳಲ್ಲಿ ಚೆನ್ನಾಗಿ ಓಡುತ್ತಿದೆ. ಸತ್ತಿದೆ ಅಂತ ಹೂಳಿದ್ದು ಮತ್ತೆ ಎದ್ದು ಕೂತಿದೆ ಅಂತಾಯಿತು. ಹಾಗಿರುವಾಗ ಕನ್ನಡದಲ್ಲಿ ಮಾತಾಡುವ, ನಮ್ಮ ಪಡಸಾಲೆಯ ಅಳತೆಗೆ ಹೊಂದುವ, ನೆಲದ ಮೇಲೆ ಕೂತವರೂ ಸೀರೆ ಉಟ್ಟವರೂ ಆಡಬಹುದಾದ ಆಟವೊಂದನ್ನು ಮಾಡಲು ನಮಗೇನು ಧಾಡಿ? ಬೆಂಗಳೂರಿನಲ್ಲಿ ಕನ್ನಡದ ಎಂಜಿನಿಯರುಗಳಿಗೆ ಬರವಾ? ಬೇರೆಯವರ ಬಿಲ್ಲಿಂಗ್ ಸಾಫ್ಟ್‌ವೇರಿನ ಬಗ್ ತೆಗೆಯುತ್ತಾ ಶನಿವಾರವೂ ಕೂರುತ್ತೇವೆ, ಒಂದು ಲಗೋರಿ ಬರೆಯಲು ಪುರುಸೊತ್ತಿಲ್ಲ ಅನ್ನುತ್ತೇವೆ.

ನಾನು ಕವಣೆಯಿಂದ ಶುರು ಮಾಡಿದ್ದೇನೆ. ಜೋಳದ ಹೊಲ, ಗುಬ್ಬಿ, ಗಿಳಿ ಹಿಂಡು, ಬಿಡುವ ಟೈಮಿಗೆ ಬಿಡಬೇಕು. ಸದ್ಯಕ್ಕೆ ವೀ ರಿಮೋಟಿನಲ್ಲೇ ಪ್ರಯೋಗ, ಅದು ಬ್ಲೂಟೂತಿನಲ್ಲಿ ಕಂಪ್ಯೂಟರಿಗೆ ಕೂಡಿಕೊಳ್ಳುತ್ತದೆ, ಲಿನಕ್ಸಿನಲ್ಲಿ 2011ರಿಂದಲೇ ಅದರ ಡ್ರೈವರ್ ಇದೆ. ‘ಸೆನ್ಸರ್ ಬಾರ್’ ಅಂತ ಟಿವಿ ಮೇಲೆ ಇಡುವ ಪಟ್ಟಿಯೊಂದು ಬರುತ್ತಿತ್ತಲ್ಲ, ಅದರಲ್ಲಿ ಹೆಸರಿಗೂ ಸೆನ್ಸರ್ ಇಲ್ಲ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಎಲ್‌ಇಡಿಗಳಿವೆ ಅಷ್ಟೇ, ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ. ನಮ್ಮದರ ವೈರನ್ನು ಇಲಿ ಕಡಿದಾಗ ಅವ್ವ ಟಿವಿ ಮೇಲೆ ಒಂದು ಗೇಣು ಅಂತರದಲ್ಲಿ ಎರಡು ಹಣತೆ ಹಚ್ಚಿಟ್ಟಿದ್ದಳು, ತಿಂಗಳುಗಟ್ಟಲೆ ಹಾಗೇ ಆಡಿದೆವು. ಆದ್ದರಿಂದ ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ವೀ ರಿಮೋಟು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ಬಾರ್ ಇಲ್ಲದಿದ್ದರೂ ಪರವಾಗಿಲ್ಲ, ಕೈಗೆ ಕಟ್ಟುವ ದಾರ ಹರಿದಿದ್ದರೂ ನಡೆಯುತ್ತದೆ. ಬ್ಯಾಟರಿ ಹಾಕುವ ಜಾಗ ಮಾತ್ರ ತುಕ್ಕು ಹಿಡಿದಿರಬಾರದು.